ಬೈದು ನೋಡಿ ಮಾರುವ ಹೆಡ್‌ಫೋನು

ದೇವರು ಮನುಷ್ಯನಿಗೆ ಬಾಯಿ ಒಂದು, ಕಿವಿ ಎರಡು ಕೊಟ್ಟಿರುವುದು ಆಡುವುದಕ್ಕಿಂತ ಎರಡರಷ್ಟು ಕೇಳಲಿ ಎಂದೇ, ಅಂತ ತಿಳಿದವರು ಹೇಳುತ್ತಾರೆ. ಚನ್ನಪಟ್ಟಣದ ನಮ್ಮ ರೇಡಿಯೋ ಭಾಯಿಯೂ ತಿಳಿದವರೇ. ಆದರೆ ಅವರ ಅಭಿಪ್ರಾಯ ಬೇರೆ ಇತ್ತು. ಕಿವಿ ಒಂದೇ ಇದ್ದಿದ್ದರೆ ಹೆಡ್‌ಫೋನು ತಲೆಯ ಮೇಲೆ ನಿಲ್ಲುತ್ತಿರಲಿಲ್ಲ, ಅದಕ್ಕೆ ಎರಡು.

ಅವರ ಸ್ವಂತ ಕಿವಿಗಳು ಈ ಉದ್ದೇಶವನ್ನೂ ಮೀರಿ ಬೆಳೆದಿದ್ದವು. ಮೊರದಗಲ ಎಂದರೆ ಸ್ವಲ್ಪ ಹೆಚ್ಚಾದೀತು, ಮರಿ ಮೊರದಗಲ ಎನ್ನಬಹುದು. ಅಂಚಿಗೆ ನರೆಗೂದಲ ಬೇಲಿ. ಬಲಗಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲು ಇರುತ್ತಿತ್ತು, ಕೆಲಸ ಜೋರಾಗಿದ್ದ ದಿನ ಅದರ ಜೊತೆಗೆ ಸಣ್ಣ ಸ್ಕ್ರೂಡ್ರೈವರೂ. ಎಡಗಿವಿಯ ಮೇಲೆ ಯಾವತ್ತೂ ಏನೂ ಇಲ್ಲ. ಕೇಳಿದರೆ, "ಬಲಗಿವಿ ಸಾಮಾನು ಮಡಗಕ್ಕೆ ಸಾಮಿ, ಎಡಗಿವಿ ಕೇಳಕ್ಕೆ" ಎನ್ನುತ್ತಿದ್ದರು. ಬಹಳ ವರ್ಷ ಇದನ್ನು ನಾನು ತಮಾಷೆ ಎಂದುಕೊಂಡಿದ್ದೆ.

ಭಾಯಿ ಮೂಲತಃ ಬೊಂಬೆ ಕಡೆಯುವ ಕುಲದವರು. ಇಪ್ಪತ್ತು ವರ್ಷ ಮೋಟಾರು ಲೇತಿನ ಮುಂದೆ ಕೂತು ಹಾಲೆಮರದ ತುಂಡಿಗೆ ಅರಗು ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ಉಗುರಿನ ಸಂದಿಗೆ ಕೆಂಪು ಖಾಯಂ ಆಗಿ ಕೂತಿತ್ತು. ಆಮೇಲೆ ಅದನ್ನು ಬಿಟ್ಟು ರೇಡಿಯೋ ರಿಪೇರಿಗೆ ಇಳಿದರು. ಅಂಗಡಿ ಎಂಥದೆಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಮೂರನೆಯವರು ರಸ್ತೆಯಲ್ಲಿರಬೇಕು. ಒಳಗಿನ ಹಲಗೆಯ ಮೇಲೆ ಸಾಲಾಗಿ ಹನ್ನೊಂದು ಮರದ ತಲೆಗಳು. ಅವರೇ ಕಡೆದು ಹಳದಿ, ಹಸಿರು, ಕೆಂಪು ಅರಗು ಹಾಕಿದವು. ಕಣ್ಣು, ಮೂಗು, ಬಾಯಿ ಇಲ್ಲ, ಕಿವಿಯ ಜಾಗದಲ್ಲಿ ಎರಡು ಗುಬುಟು ಮಾತ್ರ. ಪ್ರತಿಯೊಂದರ ಮೇಲೂ ಒಂದೊಂದು ಹೆಡ್‌ಫೋನು. ಮೊದಲ ಸಲ ನೋಡಿದವರಿಗೆ ಯಾವುದೋ ಮೌನವ್ರತದ ಸಭೆಗೆ ಬಂದ ಹಾಗಾಗುತ್ತಿತ್ತು.

ಅದು ಬಿಡದಿಯಿಂದೀಚೆಗೆ ರಾಗಿ ಹೊಲವಿದ್ದಲ್ಲೆಲ್ಲ ಕಾಂಪೌಂಡು ಗೋಡೆ ಏಳುತ್ತಿದ್ದ ಕಾಲ. ಶಿಫ್ಟಿಗೆ ಹೋಗುವವರ ಬಸ್ಸು, ರೈಲು ತುಂಬಿ ತುಳುಕುತ್ತಿದ್ದವು. ಎಲ್ಲರ ಜೇಬಿನಲ್ಲೂ ಹಾಡು ಬಂತು. ಹಾಡು ಬಂದ ಮೇಲೆ ಅದನ್ನು ಕಿವಿಗೆ ಮುಟ್ಟಿಸುವ ಸಾಧನವೂ ಬೇಕಲ್ಲ. ಭಾಯಿ ರೇಡಿಯೋಗಳನ್ನು ಹಿಂದಕ್ಕೆ ಸರಿಸಿ ಹೆಡ್‌ಫೋನುಗಳನ್ನು ಮುಂದಕ್ಕೆ ತಂದರು.

ಅವರು ಶಬ್ದವನ್ನು ಅಳೆಯುತ್ತಿದ್ದುದು ಲೇತಿನ ಭಾಷೆಯಲ್ಲಿ. ದೊಡ್ಡ ಹೆಸರಿನ, ದೊಡ್ಡ ಡಬ್ಬಿಯ ಹೆಡ್‌ಫೋನು ಯಾರಾದರೂ ತಂದು ತೋರಿಸಿದರೆ ಎಡಗಿವಿಗೆ ಒತ್ತಿ, ಕಣ್ಣು ಮುಚ್ಚಿ, ತಮ್ಮ ಖಾಯಂ ಶಹನಾಯಿ ಕ್ಯಾಸೆಟ್ಟು ಕೇಳಿ ತೀರ್ಪು ಕೊಡುತ್ತಿದ್ದರು.

"ಅರಗು ಜಾಸ್ತಿ ಆಯ್ತು ಸಾಮಿ. ಮರಾನೇ ಕಾಣ್ತಿಲ್ಲ."

ಅಂದರೆ ಧಿಮ್ಮೆನ್ನುವ ಸದ್ದನ್ನು ಬೇಕೆಂದೇ ದಪ್ಪ ಮಾಡಿ, ಮೇಲಿನ ಸದ್ದಿಗೆ ಹೊಳಪು ಬಳಿದು, ನಡುವಿನ ಮನುಷ್ಯನ ಗಂಟಲನ್ನು ಮುಚ್ಚಿಹಾಕಿದ್ದಾರೆ ಎಂದು. ಅವರು ಮೆಚ್ಚಿ ಮಾರುತ್ತಿದ್ದುದು ಒಂದೇ ಒಂದು ಜಾತಿ. ಕಪ್ಪು ಪ್ಲಾಸ್ಟಿಕ್ಕು, ಮಡಚಿದರೆ ಅಂಗಿ ಜೇಬಿಗೆ ಅಲ್ಲದಿದ್ದರೂ ಊಟದ ಚೀಲಕ್ಕೆ ಹಿಡಿಸುವಂಥದ್ದು, ಕಿವಿಯನ್ನು ಸುತ್ತಲೂ ಮುಚ್ಚುವ ರೆಕ್ಸಿನ್ ದಿಂಬು, ಹಿಂಬದಿ ಗಟ್ಟಿ ಬಟ್ಟಲು. ಹೆಸರಿಲ್ಲ. ಒಳ್ಳೆಯ ಒಂದು ಜೊತೆ ಚಪ್ಪಲಿಗಿಂತ ಅಗ್ಗ. ನೋಡಲು ಏನೂ ಚೆನ್ನಾಗಿರಲಿಲ್ಲ, ತಲೆ ಅಲ್ಲಾಡಿಸಿದರೆ ಪಟ್ಟಿ ಹಳೇ ಮಂಚದ ಹಾಗೆ ಕಿರುಗುಟ್ಟುತ್ತಿತ್ತು. ಆದರೆ ಶಹನಾಯಿ ಊದುವವನು ಉಸಿರು ಎಳೆದುಕೊಳ್ಳುವುದು ಅದರಲ್ಲಿ ಕೇಳುತ್ತಿತ್ತು. ತಬಲದ ಎಡ ಬೇರೆ, ಬಲ ಬೇರೆ ಕೇಳುತ್ತಿತ್ತು. "ಇದ್ರಲ್ಲಿ ಮರ ಕಾಣ್ತೈತೆ" ಎನ್ನುವುದು ಭಾಯಿ ಕೊಡುತ್ತಿದ್ದ ಅತಿ ದೊಡ್ಡ ಪದವಿ.

ಅದರ ಒಂದೇ ರೋಗ, ತಂತಿ ಬಟ್ಟಲಿಗೆ ಸೇರುವ ಕತ್ತಿನಲ್ಲಿ ಆರು ತಿಂಗಳಿಗೆ ಮುರಿಯುತ್ತಿತ್ತು. ಭಾಯಿ ಮಾರುವ ಮುಂಚೆಯೇ ಆ ಕತ್ತಿಗೆ ಹುರಿ ರೇಷ್ಮೆಯ ನೂಲು ಬಿಗಿಯಾಗಿ ಸುತ್ತಿ, ಅದರ ಮೇಲೆ ಕಾಯಿಸಿದ ಅರಗು ಹಚ್ಚಿ, ಚಪ್ಪಟೆ ಹೆಬ್ಬೆರಳಿನಿಂದ ಒತ್ತಿ ಕೊಡುತ್ತಿದ್ದರು. ರಾಮನಗರದ ನೂಲು, ಚನ್ನಪಟ್ಟಣದ ಅರಗು, ಎಲ್ಲಿಯದೋ ಪ್ಲಾಸ್ಟಿಕ್ಕು. ಆಮೇಲೆ ಅದು ಮುರಿದದ್ದನ್ನು ನಾನು ನೋಡಿಲ್ಲ.

ಇನ್ನು ಅವರ ಪ್ರಸಿದ್ಧ ಪರೀಕ್ಷೆ. ಮುಚ್ಚಿದ ಹೆಡ್‌ಫೋನು ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ ಎಂದು ಗಿರಾಕಿಗೆ ತೋರಿಸಬೇಕಲ್ಲ. ಅದಕ್ಕೆ ಭಾಯಿ ಗಿರಾಕಿಯನ್ನು ಬೈಯುತ್ತಿದ್ದರು.

ಒಮ್ಮೆ ಅಕ್ಕೂರಿನ ರೈತರೊಬ್ಬರು ಬಂದಿದ್ದರು. ಭಾಯಿ ಮೊದಲು ಅವರ ತಲೆಗೆ ತೆಳು ಸ್ಪಂಜಿನ, ತೆರೆದ ಬಗೆಯ ಹೆಡ್‌ಫೋನು ಹಾಕಿದರು. ಹಾಡು ಹಾಕಲಿಲ್ಲ. ಮಾಮೂಲಿ ದನಿಯಲ್ಲಿ ಒಂದು ಮಾತು ಹೇಳಿದರು.

"ಏನಂದೆ ಭಾಯ್?" ರೈತರು ಎದ್ದೇ ನಿಂತರು.

"ನಾನೇನಂದೆ?" ಭಾಯಿ ತಿರುಗಿ ಕೇಳಿದರು.

"ನಮ್ಮನೆ ಮುದ್ದೆನ ನಾಯಿನೂ ಮೂಸಲ್ಲ ಅಂದೆ ನೀನು."

"ಪೂರ್ತಿ ಕೇಳಿಸ್ತಲ್ಲ. ಹಂಗಾರೆ ಇದು ನಿಮಗೆ ಬ್ಯಾಡ ಗೌಡ್ರೇ. ಇದ್ನ ಹಾಕ್ಕಳಿ."

ಕಪ್ಪು ಹೆಡ್‌ಫೋನು ಹಾಕಿ ಭಾಯಿ ಅದೇ ದನಿಯಲ್ಲಿ ಸುಮಾರು ಹೊತ್ತು ಮಾತಾಡಿದರು. ಗೌಡರು ಶಾಂತವಾಗಿ ಗೋಡೆ ನೋಡುತ್ತ ಕೂತಿದ್ದರು. ತೆಗೆದ ಮೇಲೆ ಕೇಳಿದರು, "ಏನಾರ ಅಂದ್ಯಾ?"

"ಅಂದೆ."

"ಏನಂತ?"

"ಒಳ್ಳೆ ಮಾತೇ."

ಎದುರಿನ ಟೀ ಅಂಗಡಿಯವನು ಅಲ್ಲಿಂದಲೇ ಹೇಳಿದ: "ಒಳ್ಳೆ ಮಾತೇ ಕಣಣ್ಣ. ನಿಮ್ಮ ತಾತನ್ನೂ ಬುಡ್ಲಿಲ್ಲ."

ಗೌಡರು ಎರಡು ಹೆಡ್‌ಫೋನು ಕೊಂಡರು, ಒಂದು ತಮಗೆ, ಒಂದು ಬಾಮೈದನಿಗೆ. ಬಾಮೈದನಿಗೂ ಈ ಪರೀಕ್ಷೆ ಮಾಡಲೇಬೇಕು ಎಂದು ಮುಂದಿನ ವಾರ ಕರೆದುಕೊಂಡು ಬಂದರು.

ನಾನು ಆಗ ರಾಮನಗರದ ದಾರಿಯಲ್ಲಿದ್ದ ಒಂದು ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನೂರಾರು ಕದಿರುಗಳು ಒಟ್ಟಿಗೆ ತಿರುಗುವ ಶೆಡ್ಡು. ಅಲ್ಲಿ ಮಾತಾಡಬೇಕೆಂದರೆ ಕೂಗಬೇಕು, ಕೂಗಿದರೂ ಸಾಲದೆ ಕೈಬಾಯಿ ಆಡಿಸಬೇಕು. ಆ ಗದ್ದಲದಲ್ಲಿ ಯಾವ ಕದಿರು ಸೊರಗಿದೆ ಎಂದು ಸದ್ದಿನಿಂದಲೇ ಹಿಡಿಯುತ್ತೇನೆ ಎಂಬುದು ನನ್ನ ಹೆಮ್ಮೆ, ಸಂಬಳಕ್ಕೂ ಅದೇ ಆಧಾರ. ಹನ್ನೆರಡು ವರ್ಷ ಒಂದೇ ಮೇಜು, ಬಲಕ್ಕೆ ಯಂತ್ರದ ಸಾಲು. ಮನೆಯಲ್ಲಿ ನನ್ನ ಹೆಂಡತಿ ಯಾಕೋ ಇತ್ತೀಚೆಗೆ ಬಾಯೊಳಗೇ ಮಾತಾಡುವುದು ಕಲಿತಿದ್ದಳು. ಟಿವಿಯವರೂ ಪಿಸುಗುಟ್ಟತೊಡಗಿದ್ದರು. ಕಾಲ ಕೆಟ್ಟಿದೆ ಎಂದು ಸುಮ್ಮನಿದ್ದೆ.

ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಹಾಡು ಕೇಳಲು ಕಿವಿಗೆ ಗುಂಡಿಯಂಥವು ಸಿಕ್ಕಿಸಿಕೊಂಡು, ಯಂತ್ರವನ್ನು ಮೀರಿಸಲು ದನಿ ಪೂರ್ತಿ ಏರಿಸಿಕೊಳ್ಳುತ್ತಿದ್ದೆ. ಅವೂ ಸಾಲದಾದಾಗ ಭಾಯಿಯ ಬಳಿ ಹೋದೆ.

"ಫ್ಯಾಕ್ಟ್ರಿಗೆ ಬೇಕು ಭಾಯ್. ಜೋರಾಗಿ ಕೇಳಿಸೋದು ಕೊಡಿ."

"ಜೋರ್ ಯಾಕೆ ಸಾಮಿ? ಬಾಗ್ಲು ತೆಗೆದು ಮಡಗಿ ಕೂಗಾಡೋದಕ್ಕಿಂತ ಬಾಗ್ಲು ಹಾಕ್ಕಂಡು ಮೆಲ್ಲಗೆ ಮಾತಾಡಬೋದಲ್ಲ. ಕೂತ್ಕಳಿ."

ಪದ್ಧತಿಯಂತೆ ಮೊದಲು ತೆಳು ಸ್ಪಂಜಿನದು ಹಾಕಿದರು. ನಾನು ಬೈಗುಳಕ್ಕೆ ಕಾಯುತ್ತ ಕೂತೆ. ಅವರು ನನ್ನ ಬಲಕ್ಕೆ ನಿಂತಿದ್ದರು. ಹಲಗೆಯ ಮೇಲಿನ ಹನ್ನೊಂದು ತಲೆಗಳನ್ನು ಎಣಿಸಿದೆ. ಬೈಗುಳ ಇನ್ನೂ ಬರಲಿಲ್ಲ. ನನ್ನ ಮೇಲಿನ ಗೌರವದಿಂದ ಹಿಂದೆಮುಂದೆ ನೋಡುತ್ತಿದ್ದಾರೆ ಎನಿಸಿ, ಧೈರ್ಯ ತುಂಬಲು ಮುಗುಳ್ನಕ್ಕೆ.

ತಿರುಗಿ ನೋಡಿದರೆ ಟೀ ಅಂಗಡಿಯವನು ಕೈಯಲ್ಲಿ ಲೋಟ ಹಿಡಿದು ನಿಂತುಬಿಟ್ಟಿದ್ದ. ನಗುತ್ತಿರಲಿಲ್ಲ. ಭಾಯಿಯ ತುಟಿ ಇನ್ನೊಮ್ಮೆ ಆಡಿತು. ಆಮೇಲೆ ಅವರು ಹೆಡ್‌ಫೋನನ್ನು ನನ್ನ ತಲೆಯಿಂದ ತೆಗೆದು, ಹಳದಿ ತಲೆಗೆ ಹಾಕಿ, "ಇವತ್ತು ವ್ಯಾಪಾರ ಇಲ್ಲ ಸಾಮಿ" ಎಂದರು.

"ಯಾಕೆ?"

"ಎರಡು ಸಲ ಮಾತಾಡ್ದೆ. ನಿಮಗೆ ಕೇಳಿಸ್ಲಿಲ್ಲ. ಈ ಸ್ಪಂಜಲ್ಲಿ ಸೊಳ್ಳೆ ಹಾರಿದ್ರೂ ಕೇಳಿಸ್ತದೆ. ಒಸಿ ಡಾಕ್ಟರ್‌ಗೆ ತೋರಿಸ್ಕಳಿ."

ನನಗೆ ಸಿಟ್ಟು ಬಂತು. "ಸಾವಿರ ಸದ್ದಲ್ಲಿ ಕೆಟ್ಟ ಕದಿರು ಹಿಡಿಯೋನು ನಾನು. ನನ್ನ ಕಿವಿಗೆ ನೀವು ಹೇಳ್ತೀರಾ?"

"ಕದಿರು ಕಿರುಚ್ತದೆ ಸಾಮಿ. ಮನುಷ್ಯರು ಮಾತಾಡ್ತಾರೆ." ಬಲಗಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಅದೇ ಕಿವಿಯನ್ನು ತಟ್ಟಿಕೊಂಡರು. "ಲೇತಿನ ಮೋಟಾರು ಈ ಕಡೀಗಿತ್ತು. ಹೋದದ್ದು ಗೊತ್ತೇ ಆಗ್ಲಿಲ್ಲ. ನಮ್ಮನೆಯೋಳು ಮೂರು ವರ್ಷ ಬಾಯೊಳಗೇ ಮಾತಾಡ್ತಾಳೆ ಅಂತ ಬೈಕಂಡಿದ್ದೆ."

ಈ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಎದ್ದು ಬಂದೆ. ಇನ್ನು ಆ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ತೀರ್ಮಾನಿಸಿದೆ. ಆ ಅಂಗಡಿಗೆ ಮೆಟ್ಟಿಲು ಇರಲಿಲ್ಲ, ಆದರೂ ತೀರ್ಮಾನ ತೀರ್ಮಾನವೇ.

ನಮ್ಮ ಮನೆಯ ಬಾಗಿಲಿಗೆ ಹೆಂಡತಿಯ ತವರಿನವರು ಕೊಟ್ಟ ರೇಷ್ಮೆಗೂಡಿನ ತೋರಣವಿತ್ತು. ಗೂಡು ಬೆಳೆಯುವವರ ಮನೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ, ಗೂಡನ್ನು ಕೊಳ್ಳುವವನು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾನೆ. ಒಳಗಿನ ಹುಳ ಸರಿಯಿದ್ದರೆ ಟಕಟಕ ಎನ್ನುತ್ತದೆ, ಕರಗಿಹೋಗಿದ್ದರೆ ಸದ್ದಿಲ್ಲ. ಹುಡುಗನಾಗಿದ್ದಾಗ ಅಪ್ಪನ ಜೊತೆ ಮಾರುಕಟ್ಟೆಯಲ್ಲಿ ಸಾವಿರ ಸಲ ಮಾಡಿದ ಕೆಲಸ. ಯಾರೂ ಇಲ್ಲದ ಹೊತ್ತು ನೋಡಿ ತೋರಣದಿಂದ ಒಂದು ಒಣಗೂಡು ಕಿತ್ತೆ. ಎಡಗಿವಿಯ ಹತ್ತಿರ ಅಲ್ಲಾಡಿಸಿದೆ. ದೂರದಲ್ಲಿ ಯಾರೋ ಬಾಗಿಲು ತಟ್ಟಿದಂತೆ ಟಕಟಕ. ಬಲಗಿವಿಗೆ ತಂದೆ. ಏನೂ ಇಲ್ಲ. ಇನ್ನೊಂದು ಗೂಡು ಕಿತ್ತೆ, ಮತ್ತೊಂದು ಕಿತ್ತೆ. ಎಲ್ಲ ಹುಳಗಳೂ ಎಡಕ್ಕೆ ಸರಿಯಿದ್ದವು, ಬಲಕ್ಕೆ ಕರಗಿಹೋಗಿದ್ದವು.

"ತೋರಣ ಯಾಕ್ರೀ ಕೀಳ್ತಿದೀರಿ?" ಎಂದು ಹೆಂಡತಿ ಹಿಂದಿನಿಂದ ಕೇಳಿದಳಂತೆ. ಮೂರು ಸಲ ಕೇಳಿದಳಂತೆ.

ಡಾಕ್ಟರು ಬಲಗಿವಿಯ ಬಗ್ಗೆ ತಡವಾಯಿತು ಎಂದರು, ಎಡಗಿವಿಯ ಬಗ್ಗೆ ಇನ್ನೂ ತಡವಾಗಿಲ್ಲ ಎಂದರು. ಗದ್ದಲದಲ್ಲಿ ಬರಿಗಿವಿಯಲ್ಲಿ ನಿಲ್ಲಬಾರದು, ದನಿ ಏರಿಸಿ ಹಾಡು ಕೇಳಬಾರದು. ಹೀಗೇ ನಡೆದರೆ ಎಡದ್ದೂ ಹೋಗುತ್ತದೆ. ಯಂತ್ರದ ಜಾಗದಲ್ಲಿ ಹಾಕುವಂಥ ಸರಿಯಾದ ಕಿವಿಮುಚ್ಚಳ ತರಿಸಿ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಮಾಲೀಕರಿಗೆ ಕೊಟ್ಟೆ. ಅವರು ನೋಡೋಣ ಎಂದರು.

ಇಲ್ಲದ ಮೆಟ್ಟಿಲನ್ನು ತುಳಿದು ಭಾಯಿಯ ಬಳಿ ಹೋದೆ. ಡಾಕ್ಟರು ಹೇಳಿದ್ದನ್ನೂ ಮಾಲೀಕರು ಹೇಳಿದ್ದನ್ನೂ ಒಪ್ಪಿಸಿದೆ. ಅವರು ಕೆಂಪು ತಲೆಯ ಮೇಲಿದ್ದ ಕಪ್ಪು ಹೆಡ್‌ಫೋನನ್ನು ತೆಗೆದು, ರೇಷ್ಮೆ ಸುತ್ತಿ, ಅರಗು ಒತ್ತಿ, ನನ್ನ ತಲೆಗೆ ಹಾಕಿ ಪಟ್ಟಿ ಬಿಗಿಮಾಡಿದರು. ರಸ್ತೆ ದೂರ ಹೋಯಿತು.

"ಮುಚ್ಚಳ ಬರಗಂಟ ಇದಾದ್ರೂ ಇರ್ಲಿ. ಶೆಡ್ಡಲ್ಲಿ ಹಾಡು ಬ್ಯಾಡ. ಬರೀ ಬಾಗ್ಲು ಹಾಕ್ಕಳಿ. ಹಾಡು ಮನೇಲಿ, ಮೆಲ್ಲಗೆ."

ಹಾಗಾಗಿ ಸುಮಾರು ಎರಡು ವರ್ಷ ನಾನು ಕಾರ್ಖಾನೆಯಲ್ಲಿ ಹೆಡ್‌ಫೋನು ಹಾಕಿಕೊಂಡೇ ಓಡಾಡಿದೆ. ತಂತಿಯ ತುದಿ ಜೇಬಿನಲ್ಲಿತ್ತು, ಜೇಬಿನಲ್ಲಿ ಬೇರೇನೂ ಇರಲಿಲ್ಲ. ಸೂಪರ್‌ವೈಸರ್ ದಿನವಿಡೀ ಹಾಡು ಕೇಳುತ್ತಾನೆ ಎಂದು ಮಾಲೀಕರಿಗೆ ದೂರು ಹೋಯಿತು. ಅವರು ಬಂದು ನನ್ನ ಮುಂದೆ ನಿಂತು ಬಹಳ ಹೊತ್ತು ಬೈದರು ಎಂದು ಕೇಳಿದ್ದೇನೆ. ಕೊನೆಗೆ ತಂತಿ ಎಳೆದು ನೋಡಿದರು, ಬರೀ ತಂತಿ ಬಂತು. ತುದಿಯನ್ನು ತಾವೇ ಮತ್ತೆ ನನ್ನ ಜೇಬಿಗೆ ತುರುಕಿ ಹೋದರು. ಮುಂದಿನ ತಿಂಗಳು ಎಲ್ಲರಿಗೂ ಸರಿಯಾದ ಕಿವಿಮುಚ್ಚಳ ಬಂತು. ಕಪ್ಪು ಹೆಡ್‌ಫೋನು ಮನೆಗೆ ಹೋಗಿ ತನ್ನ ನಿಜವಾದ ಕೆಲಸಕ್ಕೆ ತೊಡಗಿತು. ಸಂಜೆ ಮೆಲ್ಲಗೆ ಶಹನಾಯಿ ಹಾಕಿದರೆ ಎಡಗಿವಿಯಲ್ಲಿ ಆ ಉಸಿರು ಕೇಳುತ್ತಿತ್ತು. ಅರ್ಧ ತಬಲ ಕಡಿಮೆ, ಆದರೆ ಕೇಳುವ ಅರ್ಧದಲ್ಲಿ ಮರ ಕಾಣುತ್ತಿತ್ತು.

ಅವತ್ತು ಎರಡು ಸಲ ನನಗೆ ಏನು ಹೇಳಿದಿರಿ ಎಂದು ಭಾಯಿಯನ್ನು ಎಷ್ಟೋ ಬಾರಿ ಕೇಳಿದೆ. "ಕೇಳಿಸ್ಕಳ್ದೆ ಇದ್ದ ಬೈಗುಳಕ್ಕೆ ವಾರಂಟಿ ಇಲ್ಲ ಸಾಮಿ" ಎಂದು ಜಾರಿಕೊಳ್ಳುತ್ತಿದ್ದರು.

ಒಂದು ರಂಜಾನಿನ ಹಬ್ಬ ಕಳೆದ ವಾರವೇ ಅವರು ತೀರಿಕೊಂಡರು. ಮಣ್ಣು ಕೊಟ್ಟು ಬಂದು ಟೀ ಅಂಗಡಿಯವನ ಬೆಂಚಿನ ಮೇಲೆ ಕೂತೆ. ಎದುರಿಗೆ ಮುಚ್ಚಿದ ಬಾಗಿಲು. ಅವನು ಟೀ ಕೊಟ್ಟು, ತಿಳಿದವನಂತೆ ನನ್ನ ಎಡಕ್ಕೆ ಬಂದು ಕೂತ.

"ಅವತ್ತು ಏನಂದ್ರು ಹೇಳ್ಲಾ?"

"ಹೇಳಪ್ಪ."

"ಮೊದಲ್ನೇ ಸಲ, ಈ ಸೂಪರ್‌ವೈಸರ್ ಮೂಗಲ್ಲಿ ಒಂದು ಕದಿರು ಕೂರಿಸಬೋದು ಅಂದ್ರು. ನೀವು ಸುಮ್ನೆ ನಗ್ತಾ ಕೂತಿದ್ರಿ."

"ಎರಡನೇ ಸಲ?"

"ಎರಡನೇ ಸಲ ಬೈಲಿಲ್ಲ. 'ಯಾ ಅಲ್ಲಾ, ಇವರದೂ ಹೋಗ್ತಾ ಐತಲ್ಲ' ಅಂದ್ರು."

ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಅವರ ಮನೆಯವರನ್ನು ಕೇಳಿ ಕೆಂಪು ತಲೆಯನ್ನು ತಂದಿಟ್ಟುಕೊಂಡಿದ್ದೇನೆ, ಕಪ್ಪು ಹೆಡ್‌ಫೋನು ಅದರ ಮೇಲಿದೆ. ದಿಂಬು ಮೂರು ಸಲ ಬದಲಾಗಿದೆ. ಕತ್ತಿನ ಅರಗಿನಲ್ಲಿ ಚಪ್ಪಟೆ ಹೆಬ್ಬೆರಳಿನ ಗುರುತು ಹಾಗೇ ಇದೆ. ಬಲಗಿವಿಯ ಮೇಲೆ ನಾನು ಪೆನ್ಸಿಲು ಇಡುತ್ತೇನೆ. ಎಡಗಿವಿ ಕೇಳಿಸುತ್ತದೆ.