ಹುಳಕಡ್ಡಿಯ ಸೇಡು

ಬಿಜ್ಜರಗಿಯ ನಮ್ಮ ಸೋದರತ್ತೆ ಸಕ್ರವ್ವ ಬೈಗುಳ ಮರೆಯುತ್ತಾಳೆ, ಅವಮಾನ ಮರೆಯುವುದಿಲ್ಲ. ಅವಳ ಆಡಿಗೆ ಕಲ್ಲು ಹೊಡೆದವನ ಮನೆಯ ನೀರನ್ನು ಇಂದಿಗೂ ಮುಟ್ಟಳು. ಅಂಥವಳನ್ನು ತಿಕೋಟಾದ ಔಷಧಿ ಅಂಗಡಿಯ ಬಸಲಿಂಗಯ್ಯ ಕೆಣಕಿದ. ಹಾವಿನ ಬಾಲ ತುಳಿದ ಅನ್ನಿ.

ಅವಳಿಗೆ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಹುಳಕಡ್ಡಿ ಎದ್ದಿತ್ತು. ದ್ರಾಕ್ಷಿ ತೋಟದಲ್ಲಿ ಬೆವರು ಸುರಿಸುವ ಹೆಂಗಸರಿಗೆ ಅದು ಇದ್ದದ್ದೇ. ಆ ಜಾಗವನ್ನು ಡಾಕ್ಟರಿಗೆ ತೋರಿಸುವುದುಂಟೇ? ತಿಕೋಟಾದ ಸಂತೆಗೆ ಹೊರಟವರ ಕೈಗೆ ಮುಲಾಮಿನ ಖಾಲಿ ಟ್ಯೂಬು ಕೊಟ್ಟು ಬಸಲಿಂಗಯ್ಯನ ಅಂಗಡಿಯಿಂದ ಇಂಥದ್ದೇ ತಾ ಅನ್ನುವುದು ಅಲ್ಲಿನ ರೂಢಿ. ಬಂದ ಟ್ಯೂಬನ್ನು ನಾಲ್ಕು ಮನೆಯವರು ಹಚ್ಚಿಕೊಳ್ಳುತ್ತಾರೆ. ಹಚ್ಚಿದರೆ ತುರಿಕೆ ಮಾಯ, ಬಿಟ್ಟರೆ ಮೊದಲಿಗಿಂತ ಅಗಲ. ವರ್ಷ ಕಳೆಯುವುದರೊಳಗೆ ಅತ್ತೆಯ ಚರ್ಮ ಬೆಳ್ಳುಳ್ಳಿ ಸಿಪ್ಪೆಯಂತೆ ತೆಳುವಾಗಿ, ಕೆಂಪು ಬರೆ ಎದ್ದವು. ಹೀಗೇಕೆಂದು ಕೇಳಲು ಸಂತೆಯ ದಿನ ತಾನೇ ಅಂಗಡಿಗೆ ಹೋದಳು.

"ಮೈ ಹೊಲಸ ಇಟ್ಕೊಂಡ್ರ ಹಿಂಗ ಆಗತೈತಿ. ದಿನಾ ಜಳಕಾ ಮಾಡು ಬೇ," ಅಂದ ಬಸಲಿಂಗಯ್ಯ. ಅವನ ನಾಲಿಗೆಗೆ ಬೆಂಕಿ ಬೀಳಲಿ. ನೆರೆದ ಜನ ನಕ್ಕರು.

ಮರುದಿನ ಅತ್ತೆ ಶಹರಕ್ಕೆ, ಜಲನಗರದ ನಮ್ಮ ಮನೆಗೆ ಬಂದು ಕೂತಳು. ಚರ್ಮದ ಡಾಕ್ಟರು ಪೂನಮ ಅವರ ಬಳಿ ಕರೆದೊಯ್ದೆ. ಟ್ಯೂಬು ನೋಡಿ ಅವರು ಕೆಂಡವಾದರು. ಇದರಲ್ಲಿ ಸ್ಟಿರಾಯ್ಡ್ ಬೆರೆತಿದೆ, ತುರಿಕೆ ಅಡಗಿಸಿ ಹುಳಕಡ್ಡಿ ಬೆಳೆಸುತ್ತದೆ, ಚರ್ಮವನ್ನೂ ಕೆಡಿಸುತ್ತದೆ ಎಂದು ಬೇರೆ ಮುಲಾಮು ಬರೆದರು. ಮೈ ಚೆನ್ನಾಗಿ ಒರೆಸಿ, ಕಲೆಯ ಅಂಚಿನಾಚೆಗೂ ಹಚ್ಚಬೇಕಂತೆ. ಕಲೆ ಮಾಸಿದರೂ ಡಾಕ್ಟರು ಹೇಳುವವರೆಗೆ ನಿಲ್ಲಿಸಬಾರದಂತೆ. ಟವೆಲು ಯಾರಿಗೂ ಕೊಡಕೂಡದು, ಬಟ್ಟೆ ಬಿಸಿಲಲ್ಲೇ ಒಣಗಬೇಕು, ಮನೆಯಲ್ಲಿ ಇನ್ನಾರಿಗಿದ್ದರೂ ಕರೆತರಬೇಕು. ಅತ್ತೆ ಹಟಕ್ಕೆ ಬಿದ್ದು ಎಲ್ಲ ಪಾಲಿಸಿದಳು. ಸೇಡಿಗಾಗಿಯಾದರೂ ಅವಳಿಗೆ ವಾಸಿಯಾಗಬೇಕಿತ್ತು.

ವಾಸಿಯಾದ ಮೇಲೆ ಸಂತೆ ಸಂತೆಗೂ ಅವನ ಅಂಗಡಿಯೆದುರಿನ ಬೇವಿನ ಕೆಳಗೆ ಕೂತಳು. ಖಾಲಿ ಟ್ಯೂಬು ಹಿಡಿದು ಬಂದವರನ್ನೆಲ್ಲ ಕರೆದು ತನ್ನ ಕಥೆ ಹೇಳಿದಳು. ಅವನ ಗಿರಾಕಿಗಳು ಕಡಿಮೆಯಾದರು, ಅವಳ ಹೊಟ್ಟೆ ತಣ್ಣಗಾಗಲಿಲ್ಲ. ಮಂದಿಯ ಮುಂದೆ ಹೋದ ಮರ್ಯಾದೆ ಮಂದಿಯ ಮುಂದೆಯೇ ವಾಪಸು ಬರಬೇಕಿತ್ತು.

ಒಂದು ಮಧ್ಯಾಹ್ನ ಬಸಲಿಂಗಯ್ಯನ ಹೆಂಡತಿ ಸೌಭಾಗ್ಯ ಈ ಕಥೆ ಕೇಳಿ ಬಿಜ್ಜರಗಿಯ ಅತ್ತೆಯ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಬಾಗಿಲು ಹಾಕಿಕೊಂಡು ಸೊಂಟ ತೋರಿಸಿದಳು. ಗಂಡ ಕೊಟ್ಟ ಅದೇ ಟ್ಯೂಬು, ಅದೇ ಬರೆ.

"ದಿನಾ ಜಳಕಾ ಮಾಡ್ತಿಯಿಲ್ಲ ಬೇ?" ಅಂದಳು ಅತ್ತೆ, ಸವಿದು ಸವಿದು.

ಸೌಭಾಗ್ಯ ಅತ್ತಳು. ನನಗೆ ಅಯ್ಯೋ ಅನ್ನಿಸಿತು, ಅತ್ತೆಗಿಲ್ಲ. ಹಾಗಂತ ಕೈಬಿಡಲೂ ಇಲ್ಲ.

"ಡಾಕ್ಟರ ಹಂತ್ಯಾಕ ನಾನ ಕರ್ಕೊಂಡ ಹೋಗ್ತೇನಿ. ಆದ್ರ ಔಷಧ ನಿನ್ನ ಗಂಡನ ಅಂಗಡ್ಯಾಗ ಅಲ್ಲ, ಬಾಜೂದಾಂವನ ಅಂಗಡ್ಯಾಗ ತಗೋಬೇಕು. ಸಂತಿ ದಿನಾನ, ಅಂವ ನೋಡಾಕತ್ತಾಗ."

ಮುಂದಿನ ಸಂತೆಯಲ್ಲಿ ಸೌಭಾಗ್ಯ ಡಾಕ್ಟರ ಚೀಟಿ ಹಿಡಿದು, ಗಂಡನ ಅಂಗಡಿ ದಾಟಿ, ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದಳು. ಬಸಲಿಂಗಯ್ಯ ಗಲ್ಲಾದಿಂದ ಎದ್ದು ನಿಂತ. ಸಂತೆಯ ಜನ ಅವಳನ್ನು ನೋಡಿದರು, ಅವನನ್ನು ನೋಡಿದರು. ಬೇವಿನ ಕೆಳಗೆ ನಮ್ಮತ್ತೆಯೊಬ್ಬಳೇ ನಕ್ಕಳು.