ನೆಲ ಬಾಯಿ ತೆರೆದ ಮಧ್ಯಾಹ್ನ

ಭವಿಷ್ಯ, ಶಕುನ, ಕನಸಿನ ಅರ್ಥ ಇಂಥವನ್ನು ಯಾರಾದರೂ ನನ್ನ ಮುಂದೆ ತೆಗೆದರೆ ನಾನು ನಕ್ಕುಬಿಡುತ್ತಿದ್ದೆ. ರೋಣದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಸ್ಟಾಫ್ ರೂಮಿನಲ್ಲಿ ದಿನಭವಿಷ್ಯ ಓದುತ್ತಿದ್ದವರು ನನ್ನ ಮುಖ ಕಂಡರೆ ಪೇಪರು ಮಡಚಿಡುತ್ತಿದ್ದರು. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ನಂಬಿದ್ದೇನೋ ಇಲ್ಲವೋ, ಅದೂ ಸರಿಯಾಗಿ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮದು ಗಜೇಂದ್ರಗಡದ ನೇಕಾರರ ಮನೆ. ತಂಗಿ ಗಿರಿಜಾಳನ್ನು ಕೊಣ್ಣೂರಿಗೆ ಕೊಟ್ಟಿದೆ. ಅವ್ವ ತೀರಿಕೊಂಡ ಮೇಲೆ ಅವಳಿಗೆ ತವರು ಎಂದರೆ ನಾನೇ. ಅವಳ ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಬಹಳ ದಿನಗಳ ಮೇಲೆ ಮತ್ತೆ ಬಸಿರು ನಿಂತಿತ್ತು. ಈ ಸಲವೂ ಹಾಗೇ ಆದರೆ ತಂಗಿಯೇ ಉಳಿಯುವುದಿಲ್ಲ ಎಂಬ ಹೆದರಿಕೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಬಾಣಂತನಕ್ಕೆ ರೋಣಕ್ಕೆ ಕರೆದೊಯ್ಯೋಣವೆಂದು, ನಮ್ಮಪ್ಪ ಮಗ್ಗದಲ್ಲಿ ನೇಯ್ದ ಅರಿಶಿನ ಬಣ್ಣದ ಸೀರೆಯೊಂದನ್ನು ಚೀಲದಲ್ಲಿಟ್ಟುಕೊಂಡು ಕೊಣ್ಣೂರಿಗೆ ಹೋದೆ.

ತಂಗಿಯ ಮನೆಯ ಹೊರಗಿನ ಕೋಣೆಯಲ್ಲಿ ಎಸ್ತರ್ ಸಿಸ್ಟರ್ ಬಾಡಿಗೆಗಿದ್ದರು. ಊರಿನ ದವಾಖಾನೆಯ ನರ್ಸು, ಗದಗಿನ ಕಡೆಯ ಕ್ರೈಸ್ತರು. ಅವರ ತಂದೆ ಹಳ್ಳಿ ಹಳ್ಳಿ ತಿರುಗಿ ಸುವಾರ್ತೆಯ ಪ್ರಸಂಗ ಮಾಡಿದವರಂತೆ. ಗಿರಿಜಾಳ ಬಿಪಿ ನೋಡಲು ಕರೆಯಹೋದಾಗ ಅವರ ಗೋಡೆಯ ಮೇಲೊಂದು ಚಿತ್ರ ಕಂಡೆ. ಸೂರ್ಯನನ್ನೇ ಉಟ್ಟುಕೊಂಡ ತುಂಬು ಬಸುರಿ, ಕಾಲ ಕೆಳಗೆ ಚಂದ್ರ, ತಲೆಯ ಸುತ್ತ ನಕ್ಷತ್ರ. ಎದುರಿಗೆ ಏಳು ತಲೆಯ ಕೆಂಪು ಹಾವು ಬಾಯಿ ತೆರೆದುಕೊಂಡು ಕಾಯುತ್ತಿತ್ತು.

“ಸೂರ್ಯನ್ನ ಉಟ್ಟಾಳಲ್ರಿ ಸಿಸ್ಟರ್. ಇದಕ್ಕ ಸೆರಗು ಯಾರು ನೇಯ್ದರೋ ಏನೋ,” ಎಂದು ಚೇಷ್ಟೆ ಮಾಡಿದೆ.

ಅವರೂ ನಕ್ಕರು. “ನಮ್ಮ ಗ್ರಂಥದ ಕಡೀ ಭಾಗದಾಗ ಬರ್ತಾಳ್ರಿ ಅಕ್ಕೋರ. ಅಂತ್ಯಕಾಲದ ದರ್ಶನ ಅದು. ಕೆಲವ್ರು ಆಕಿ ಯೇಸುಸ್ವಾಮಿ ತಾಯಿ ಅಂತಾರ, ಕೆಲವ್ರು ದೇವರ ಜನ ಅಂತಾರ, ಕೆಲವ್ರು ಕ್ರೈಸ್ತ ಸಭೆ ಅಂತಾರ. ಆ ಹಾವು ಘಟಸರ್ಪ. ಸೈತಾನ. ಅದರ ತಲಿ ಅಂದ್ರ ಇಂಥಿಂಥಾ ರಾಜರು ಅಂತ ಲೆಕ್ಕಾ ಹಾಕವರೂ ಅದಾರ. ಹೊಸಾ ರಾಜಾ ಬಂದಾಗೊಮ್ಮೆ ಲೆಕ್ಕಾ ಬದಲಾಕ್ಕೈತಿ.”

“ಹಂಗಾರ ಎಕ್ಸ್ ಅಂತ ಇಟಗೊಂಡು ಬೇಕಾದ್ದು ತುಂಬಿದ್ಹಂಗಾತಲ್ರಿ.”

“ಗಣಿತದ್ಹಂಗ ಅಲ್ರಿ ಅದು. ನಮ್ಮಪ್ಪ ಹೇಳತಿದ್ರು, ಅರ್ಥ ಆಮ್ಯಾಲ ಹುಡುಕು, ಮೊದಲ ಆಕಿ ಬ್ಯಾನಿ ತಿನ್ನಾಕತ್ತಾಳ ಅನ್ನೂದನ್ನ ನೋಡು ಅಂತ.”

ಕೂಸು ಹುಟ್ಟಿದ ಕೂಡಲೇ ನುಂಗಬೇಕೆಂದು ಆ ಸರ್ಪ ಕಾದಿರುತ್ತದೆ ಎಂದರು. ಮುಂದೇನಾಯಿತು ಎಂದು ಕೇಳುವಷ್ಟರಲ್ಲಿ ಯಾರೋ ಜ್ವರದ ಮಗುವನ್ನು ಎತ್ತಿಕೊಂಡು ಬಂದರು. ಕಥೆ ಅಲ್ಲಿಗೇ ನಿಂತಿತು. ಇದನ್ನು ನೀವು ನೆನಪಿಡಬೇಕು. ಅದಕ್ಕಿಂತ ಹೆಚ್ಚಿಗೆ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ.

ಮರುದಿನ ಹೊಳೆ ಬಂತು. ಕೊಣ್ಣೂರಲ್ಲಿ ಮಳೆಯ ಹನಿಯೂ ಇರಲಿಲ್ಲ. ಎಲ್ಲೋ ಮೇಲೆ ಸುರಿದ ಮಳೆಗೆ ಡ್ಯಾಮು ತುಂಬಿ ನೀರು ಬಿಟ್ಟಿದ್ದರು. ಮೇಲೆ ತೊಳೆದಿಟ್ಟಂಥ ಆಕಾಶ, ಹಿತವಾದ ಬಿಸಿಲು. ಕೆಳಗೆ ಜೋಳದ ಹೊಲಗಳ ನಡುವೆ ಕೆಂಪು ನೀರು ಸದ್ದಿಲ್ಲದೆ ಅಗಲವಾಗುತ್ತಿತ್ತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಹಳ್ಳ, ಎರಡೂ ರಸ್ತೆ ಬಂದ್. ತಂಗಿಯ ಗಂಡ ಎತ್ತುಗಳನ್ನು ದಿಬ್ಬಕ್ಕೆ ಹೊಡೆದುಕೊಂಡು ಹೋದವನು ಅಲ್ಲೇ ಸಿಕ್ಕಿಕೊಂಡ. ಓಣಿಯ ಜನ ಮಾಳಿಗೆ ಏರಿದರು. ಅದೇ ಹೊತ್ತಿಗೆ ಗಿರಿಜಾಗೆ, ದಿನ ತುಂಬುವ ಮೊದಲೇ, ಬೇನೆ ಶುರುವಾಯಿತು.

ನಿಚ್ಚಣಿಕೆ ಏರುವುದು ಅವಳಿಂದ ಆಗುತ್ತಿರಲಿಲ್ಲ. ಎಸ್ತರ್ ಸಿಸ್ಟರ್ ಅವಳನ್ನು ನಡುಮನೆಯಲ್ಲೇ ಮಲಗಿಸಿದರು. ಗಿರಿಜಾಳ ಮಾವ ಬೋಟಿನವರನ್ನು ಕೂಗಲು ಮಾಳಿಗೆ ಹತ್ತಿದ್ದರು. ಹೊದಿಸಲು ಬೇರೇನೂ ಸಿಗದೆ ನಾನು ಚೀಲದಿಂದ ಆ ಸೀರೆ ಎಳೆದು ಹೊದಿಸಿದೆ. ಬೆಳಕಿಂಡಿಯ ಬಿಸಿಲು ನೇರ ಅದರ ಮೇಲೆ ಬಿದ್ದು ಅರಿಶಿನ ಬಣ್ಣ ಉರಿಯತೊಡಗಿತು. ಆಗ ಚಿತ್ರದ ನೆನಪು ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ತಂಗಿಯ ಮುಖ ಬಿಟ್ಟು ನನಗೆ ಏನೂ ಕಾಣುತ್ತಿರಲಿಲ್ಲ.

“ಅಕ್ಕೋರ, ಬಾಗಲದಾಗ ನಿಂದ್ರಿ. ನೀರು ಹೊಸ್ತಲಕ್ಕ ಬಂದ್ರ ಹೇಳ್ರಿ, ಹ್ಯಾಂಗರ ಮಾಡಿ ಎತ್ತಿಕೊಂಡು ಹೋಗೂಣು,” ಎಂದರು ಸಿಸ್ಟರ್. ಅವರ ಬೆನ್ನು ನನ್ನ ಕಡೆಗಿತ್ತು.

ನಾನು ಬಾಗಿಲಲ್ಲಿ ನಿಂತೆ. ನೀರು ಓಣಿಯ ತಿರುವು ದಾಟಿ, ಮನೆಯಿಂದ ಮನೆಗೆ ಯಾರನ್ನೋ ಕೇಳಿಕೊಂಡು ಬರುವಂತೆ ನಿಧಾನವಾಗಿ ಬಂತು. ಅದರ ಮೇಲೆ ಒಂದು ಚಪ್ಪಲಿ, ಜೋಳದ ದಂಟು, ನೊರೆ. ಅಂಗಳದ ಬೇವಿನ ಗಿಡ ದಾಟಿತು. ಕಟ್ಟೆಯ ಕೆಳಗಿನ ಮೆಟ್ಟಿಲು ಮುಳುಗಿತು. ಒಳಗೆ ಗಿರಿಜಾ “ಯಕ್ಕಾ” ಎಂದು ಕೂಗಿದಳು. ನಾನು ನೀರಿನ ಮೇಲಿನ ಕಣ್ಣು ತೆಗೆಯಲಿಲ್ಲ.

ಆಗ ಬೇವಿನ ಗಿಡದ ಈಚೆ ನೆಲ ತಗ್ಗಾಯಿತು. ರೊಟ್ಟಿಯ ಹಿಟ್ಟಿಗೆ ನೀರು ಹಾಕಲು ನಡುವೆ ಕುಳಿ ಮಾಡುತ್ತೇವಲ್ಲ, ಹಾಗೆ. ಸದ್ದಿಲ್ಲ, ಗಡಿಬಿಡಿಯಿಲ್ಲ. ಗುಂಡಗಿನ ಕಪ್ಪು ಬಾಯಿ ತೆರೆದುಕೊಂಡಿತು. ಮೆಟ್ಟಿಲ ಮೇಲಿದ್ದ ನೀರು ಹಿಂದೆ ಸರಿದು, ಸುತ್ತು ಹಾಕುತ್ತ ಅದರೊಳಗೆ ಇಳಿಯತೊಡಗಿತು. ಚಪ್ಪಲಿ ಹೋಯಿತು, ದಂಟು ಹೋಯಿತು. ಹಳೆಯ ಜೋಳದ ಬೆಚ್ಚನೆಯ ಮುಗ್ಗಲು ವಾಸನೆ ಬಂತು. ಚಿಕ್ಕಂದಿನಲ್ಲಿ ಅಜ್ಜಿಯ ಊರು ಶಿರೋಳದಲ್ಲಿ ಹಗೇವು, ಅಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ, ತೆಗೆದಾಗ ಬಂದ ವಾಸನೆಯೇ ಅದು. ಎಷ್ಟು ಹೊತ್ತು ನೋಡುತ್ತ ನಿಂತೆನೋ. ನನಗೆ ಹೆದರಿಕೆಯಾಗಲಿಲ್ಲ. ನಿದ್ದೆ ಬರುವ ಮುಂಚಿನಂಥ ಒಂದು ಸಮಾಧಾನವಿತ್ತು. ಹಿಂದಿನಿಂದ ಕೂಸು ಅತ್ತದ್ದು ಕೇಳಿ ಒಳಗೆ ಓಡಿದೆ.

ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಉಳಿದರು. ಅದನ್ನು ಎದೆಗೆ ಒತ್ತಿಕೊಂಡು ನಾನು ಅತ್ತಷ್ಟು ಗಿರಿಜಾ ಕೂಡ ಅಳಲಿಲ್ಲ.

ಮರುದಿನ ಬೆಳಿಗ್ಗೆ, ಹೊಳೆ ಇಳಿದ ಮೇಲೆ, ಅಂಗಳಕ್ಕೆ ಬಂದೆ. ಗುಂಡಿಯಿರಲಿಲ್ಲ. ನೆಲ ಎಂದಿನಂತೆ ಸಮವಾಗಿತ್ತು. ಅಲ್ಲಿಗೆ ಹತ್ತಿರದ ನರಗುಂದದ ಕಡೆ ಹಳೆಯ ಹಗೇವು ಕುಸಿದು ಮನೆಯೊಳಗೇ ತಗ್ಗು ಬೀಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇದೂ ಹಾಗೇ ಎಂದುಕೊಂಡು ಗಿರಿಜಾಳ ಮಾವನನ್ನು ಕೇಳಿದೆ. ಅವರು ಹಾರೆ ತಂದು, ನಾನು ತೋರಿಸಿದ ಜಾಗದಲ್ಲಿ ಕುಟ್ಟಿದರು. ಹಾರೆ ಠಣ್ಣೆಂದು ಮೇಲೆದ್ದಿತು.

“ಇಲ್ಲೆ ಹಗೇವು ಎಂದೂ ಇರಲಿಲ್ಲವ್ವಾ. ತಳದಾಗ ಬಂಡಿಗಲ್ಲು ಐತಿ. ಬೇವಿನ ಬೇರ ಸೈತ ಆ ಕಡೀಗೇ ತಿರುಗ್ಯಾವ. ನಿನಗ ನಿದ್ದಿ ಇಲ್ಲ, ಹೋಗಿ ಮಕ್ಕೋ.”

ನಿದ್ದೆಯಿಲ್ಲದ ಕಣ್ಣು ಎಂದು ನಾನೂ ಒಪ್ಪುತ್ತಿದ್ದೆ. ಆದರೆ ಎಡಬಲದ ಮನೆಗಳ ಗೋಡೆಯ ಮೇಲೆ ಎದೆಯೆತ್ತರಕ್ಕೆ ನೀರಿನ ಕೆಂಪು ಗೆರೆ ಎಳೆದಂತಿತ್ತು. ನಡುವಿನ ನಮ್ಮ ಗೋಡೆಯಲ್ಲಿ ಗೆರೆಯಿಲ್ಲ. ಹೊಸ್ತಿಲ ಮೇಲಿನ ರಂಗೋಲಿಯೂ ಅಳಿಸಿರಲಿಲ್ಲ.

ಕೂಸಿನ ತೂಕ ನೋಡುತ್ತಿದ್ದ ಸಿಸ್ಟರ್‌ಗೆ ಎಲ್ಲ ಹೇಳಿದೆ. ಅವರ ಕೈ ನಿಂತಿತು.

“ಇದನ್ನ ನಿಮಗ ಯಾರು ಹೇಳಿದ್ರು?”

ಯಾರೂ ಹೇಳಿಲ್ಲ, ಕಣ್ಣಾರೆ ಕಂಡೆ ಎಂದೆ. ಅವರು ಎದ್ದು ಹೋಗಿ ತಮ್ಮ ಗ್ರಂಥ ತಂದು, ಅಂದು ಅರ್ಧಕ್ಕೆ ನಿಂತ ಕಥೆಯ ಉಳಿದ ಭಾಗವನ್ನು ಓದಿದರು. ಘಟಸರ್ಪ ಆ ಹೆಂಗಸನ್ನು ಕೊಚ್ಚಿಕೊಂಡು ಹೋಗಲೆಂದು ಬಾಯಿಂದ ಹೊಳೆಯಷ್ಟು ನೀರು ಬಿಡುತ್ತದೆ. ಆಗ ನೆಲ ಅವಳ ಸಹಾಯಕ್ಕೆ ಬಂದು, ಬಾಯಿ ತೆರೆದು, ಆ ನೀರನ್ನು ಕುಡಿದುಬಿಡುತ್ತದೆ. ನಂಬುವವರು ಅವರು, ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಾಡಿತು.

“ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕೋರ,” ಎಂದರು. “ಬಾಜೂಮನಿ ಫಕೀರವ್ವನ ಮಗ್ಗಲ ಗ್ವಾಡಿ ಬಿತ್ತು, ಆಡು ತೇಲಿ ಹೋದ್ವು. ಆಕಿ ಸೊಸಿನೂ ಬಸುರಿ. ನಮ್ಮ ಅಂಗಳದಾಗ್ಯಾಕ ನೆಲ ಬಾಯಿ ತೆರೀಲಿಲ್ಲ ಅಂತ ಆಕಿ ಕೇಳಿದ್ರ, ನಾ ಏನು ಹೇಳಲಿ?”

ಆಮೇಲೆ ಆ ಮಾತನ್ನು ನಾನು ಊರಲ್ಲಿ ಮತ್ತೆ ಎತ್ತಲಿಲ್ಲ. ಸಿಸ್ಟರ್‌ಗೆ ಬೇರೆ ಊರಿಗೆ ವರ್ಗವಾಯಿತು. ಕೂಸು ಈಗ ಶಾಲೆಗೆ ಹೋಗುತ್ತಾಳೆ, ಆ ಅಂಗಳದಲ್ಲೇ ಕುಂಟಾಟ ಆಡುತ್ತಾಳೆ. ಕೊಣ್ಣೂರಿಗೆ ಹೋದಾಗಲೆಲ್ಲ ನಾನು ಒಂದು ತಂಬಿಗೆ ನೀರು ತೆಗೆದುಕೊಂಡು, ಯಾರೂ ನೋಡದಾಗ, ಬೇವಿನ ಗಿಡದ ಈಚೆ ಸುರಿಯುತ್ತೇನೆ. ಹೋದ ಸಲ ಗಿರಿಜಾ ನೋಡಿಬಿಟ್ಟಳು.

“ಏನು ಮಾಡಾಕತ್ತಿ ಯಕ್ಕಾ?”

“ಕಾಲು ತೊಳಕೊಂಡೆ,” ಎಂದೆ.

ನೀರು ಇಳಿಯಲಿಲ್ಲ. ಎಲ್ಲ ನೆಲದ ಮೇಲೆ ನಿಲ್ಲುವಂತೆ ಅಲ್ಲೇ ನಿಂತಿತು. ಆಚೆ ಫಕೀರವ್ವ ತನ್ನ ಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಎಷ್ಟು ಬಳಿದರೂ ಆ ಕೆಂಪು ಗೆರೆ ಮತ್ತೆ ಮೇಲೆ ಬರುತ್ತದೆ ಎಂದು ನನ್ನನ್ನು ನೋಡಿ ನಕ್ಕಳು. ನಾನು ತಂಬಿಗೆ ಬೋರಲು ಹಾಕಿ ಒಳಗೆ ಹೋದೆ.