ಬಾಗಿಲು ಮುಂದಿತ್ತು

ಮಮದಾಪುರದ ಕಾಳವ್ವ ಕೆರೆಯ ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ಆಡುಗಳು ಮೇಯುವುದು ಬಿಟ್ಟು ತಿರುಗುತ್ತವೆ. ಆಡುಗಳಷ್ಟೇ ಏಕೆ, ಅವಳ ಗಂಡ ಶಿವಯೋಗೆಪ್ಪನೂ ತಿರುಗುತ್ತಾನೆ. ಊರಿನ ಮಹಿಳಾ ಸಂಘದವರು ಮದುವೆಗಳಿಗೆ ಕೊಡುವ ದೊಡ್ಡ ಪಾತ್ರೆಗಳ ಕೋಣೆಯ ಕೀಲಿ ಹನ್ನೊಂದು ವರ್ಷ ಅವಳ ಸೊಂಟದಲ್ಲಿತ್ತು. ಒಂದು ರವಿಕೆಯ ಖಣದ ದೆಸೆಯಿಂದ ಅದು ಹೋಯಿತು.

ಆದದ್ದು ಇಷ್ಟು. ಬಸುರಿ ಸೊಸೆಯ ಕುಬುಸದ ಶಾಸ್ತ್ರಕ್ಕೆ ಸೀರೆ ತರಲೆಂದು ಕಾಳವ್ವ ವಿಜಯಪುರದ ಗಾಂಧಿ ಚೌಕದ ಒಂದು ಸೀರೆ ಅಂಗಡಿಗೆ ಹೋದಳು. ನಲವತ್ತು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಎದ್ದಳು. ಇದು ಯಾವ ಕಾಯಿದೆಯಲ್ಲೂ ಅಪರಾಧವಲ್ಲ, ಆದರೆ ಮಾಲೀಕ ಸತೀಶಕುಮಾರನ ಪಿತ್ತ ನೆತ್ತಿಗೇರಿತು. ಒಂದು ಖಣ ಕಾಣುತ್ತಿಲ್ಲ ಎಂದ. ಅವಳ ಚೀಲ ಕಸಿದುಕೊಂಡು ಹಿಂದಿನ ಕೋಣೆಗೆ ದಬ್ಬಿಸಿದ.

"ಪೊಲೀಸ್ರು ಬರೂಮಟಾ ಇಲ್ಲೇ ಕುಂದರಬೇ."

ಪೊಲೀಸರನ್ನು ಕರೆದೇ ಇರಲಿಲ್ಲ. ಮೂರು ತಾಸಿನ ಮೇಲೆ ಖಣ ಬೇರೊಂದು ಸೀರೆಯ ಮಡಿಕೆಯಲ್ಲಿ ಸಿಕ್ಕಿತು. "ಆತು, ಹೋಗ್ರಿನ್ನ" ಎಂದು ಚಹಾ ತರಿಸಿದ, ಪುಣ್ಯಾತ್ಮ.

ಕಾಳವ್ವ ಹಿಡಿಯಲಾಗದ, ಊರ ಕಡೆಯ ಬಬಲೇಶ್ವರದ ಬಸ್ಸನ್ನು ಕಳ್ಳತನದ ಸುದ್ದಿ ಹಿಡಿಯಿತು. ಖಣ ಸಿಕ್ಕ ಸುದ್ದಿಗೆ ಮಾತ್ರ ಬಸ್ಸು ತಪ್ಪಿತ್ತು. ಅವಳು ಊರು ಮುಟ್ಟುವಷ್ಟರಲ್ಲಿ ಸಂಘದ ಅಧ್ಯಕ್ಷೆ ವಿಜಯಲಕ್ಷ್ಮೀ ಕಟ್ಟೆಯ ಮೇಲೆ ಕಾಯುತ್ತಿದ್ದಳು. "ಅಕ್ಕಾ, ಕೀಲಿ ಸ್ವಲ್ಪ ದಿನಾ ನನ್ನ ಕಡೆ ಇರ್ಲಿ."

ಮರುವಾರವೇ ಕಾಳವ್ವ ಗಂಡನನ್ನು ಎಳೆದುಕೊಂಡು ವಿಜಯಪುರದ ವಕೀಲೆ ಪ್ರಾಚಿಯ ಮುಂದೆ ಕೂತಳು.

"ಅವನ್ನ ಜೇಲಿಗೆ ಹಾಕಸವ್ವಾ."

"ಅದು ಪೊಲೀಸ್ ಕೇಸು, ಬ್ಯಾರೆ ಹಾದಿ. ನಿಮಗ ಪರಿಹಾರ ಬೇಕು, ಹೋದ ಹೆಸರು ತಿರಗಿ ಬೇಕಂದ್ರ ಸಿವಿಲ್ ದಾವೆ ಹಾಕೂಣ್ರಿ. ಆದ್ರ ವರ್ಷದೊಳಗ ಹಾಕಬೇಕು."

"ಆ ಕೋಣಿಗಿ ಕೀಲಿ ಹಾಕಿದ್ದಿಲ್ಲವ್ವಾ. ನಡೀತದೇನು?"

"ಕೀಲಿನ ಬೇಕಂತಿಲ್ರಿ. ಕಾನೂನಿನ ಆಧಾರ ಇಲ್ದ, ಹೊರಗ ಹೋಗದಂಗ ತಡದ್ರ ಸಾಕು."

ಶಿವಯೋಗೆಪ್ಪ ಮುಂದಕ್ಕೆ ಸರಿದ. "ಮೂವತ್ತು ವರ್ಷದಿಂದ ಈಕಿ ನನ್ನ ತಡದಾಳ್ರಿ. ನಾನೂ ಒಂದ್ ಹಾಕಲೇನ್ರಿ?"

"ನಿಮ್ಮ ಮುದತು ಮುಗದದರಿ ಕಾಕಾ."

ದಾವೆ ಸಾಕ್ಷಿಗೆ ಬರಲು ಎರಡು ವರ್ಷ ಹಿಡಿಯಿತು. ಕಟಕಟೆಯಲ್ಲಿ ಕಾಳವ್ವ ಹೇಳಿದಳು: "ಒಳಗ ದೂಡಿ, ಬಾಗಲಾ ಮುಂದ ಮಾಡಿದ್ರಿ ಸಾಹೇಬ್ರ."

ನಮ್ಮ ಕಡೆ ಬಾಗಿಲು ಮುಂದೆ ಮಾಡುವುದೆಂದರೆ ಮುಚ್ಚುವುದು. ನ್ಯಾಯಾಧೀಶರು ಮೈಸೂರಿನ ಕಡೆಯವರು, ಬಂದು ಹದಿನೈದು ದಿನವಾಗಿತ್ತು. ಅವರು ಬರೆಸಿದ್ದು: "ಬಾಗಿಲು ಮುಂದಿತ್ತು."

ಸತೀಶಕುಮಾರನ ವಕೀಲ ಧೀರೇಂದ್ರ ಅಪ್ಪಟ ವಿಜಯಪುರದವನು. ಅವನ ಮನೆಯಲ್ಲೂ ದಿನಾ ಬಾಗಿಲು ಮುಂದೆ ಮಾಡುತ್ತಾರೆ. ಅಂದು ಮಾತ್ರ ಅವನಿಗೆ ಮರೆತೇ ಹೋಗಿತ್ತು.

"ಸಾಕ್ಷಿನ ಒಪ್ಕೊಂಡಾರ್ರಿ ಸ್ವಾಮಿ, ಬಾಗಿಲು ಕಣ್ಮುಂದ ಇತ್ತು. ಎದ್ದು ಹೋಗಬೋದಿತ್ತು. ಯಾಕ ಹೋಗ್ಲಿಲ್ಲ?"

ಕಾಳವ್ವ ಕಟಕಟೆಯಿಂದ ಇಳಿದಳು. ನೆಟ್ಟಗೆ ನಡೆದು ಕೋರ್ಟಿನ ಬಾಗಿಲನ್ನು ದಡಾರನೆ ಎಳೆದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಅದೇ ಹೊತ್ತಿಗೆ ಪಕ್ಕದ ಕೋರ್ಟಿನಲ್ಲಿ ಧೀರೇಂದ್ರನ ಇನ್ನೊಂದು ಕೇಸು ಕೂಗಿದರು. ಅವನು ಕಡತ ಕಂಕುಳಲ್ಲಿಟ್ಟುಕೊಂಡು ಓಡಿ ಬಂದ.

"ಹಾದಿ ಬಿಡಬೇ!"

"ಹೋಗ್ರಿ ಯಪ್ಪಾ. ಕೀಲಿ ಎಲ್ಲೈತಿ? ಬಾಗಲಾ ನಿಮ್ಮ ಕಣ್ಮುಂದ ಐತಿ."

ಅವನು ಎಡಕ್ಕೆ ಸರಿದರೆ ಅವಳೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಹೊರಗೆ ಎರಡನೇ ಕೂಗು ಬಿತ್ತು.

"ಸ್ವಾಮಿ, ಈಕಿ ನನ್ನ ಕೂಡಿ ಹಾಕ್ಯಾಳ್ರಿ!"

ಪ್ರಾಚಿ ತಟ್ಟನೆ ಎದ್ದಳು. "ಆ ಮಾತು ದಾಖಲ ಆಗಬೇಕ್ರಿ."

ನ್ಯಾಯಾಧೀಶರು ಕಾಳವ್ವನಿಗೆ ಚೆನ್ನಾಗಿ ಬೈದರು. ಮತ್ತೊಮ್ಮೆ ಹೀಗೆ ಮಾಡಿದರೆ ತಾವೇ ಒಳಗೆ ಕಳಿಸುವುದಾಗಿ ಹೇಳಿದರು. ಆಮೇಲೆ ಕರವಸ್ತ್ರದಲ್ಲಿ ಬಾಯಿ ಒರೆಸುವ ನೆವದಲ್ಲಿ ನಕ್ಕು, "ಬಾಗಿಲು ಮುಚ್ಚಿ ಹೋಗದಂತೆ ತಡೆದರು" ಎಂದು ತಿದ್ದಿ ಬರೆಸಿದರು.

ಎಂಟು ತಿಂಗಳ ನಂತರ ತೀರ್ಪು ಬಂತು. ಪರಿಹಾರ ಎಷ್ಟೆಂದು ಕಾಳವ್ವ ಕೇಳಲೇ ಇಲ್ಲ. ಅವಳಿಗೆ ಬೇಕಾದದ್ದು ಏಳನೇ ಪುಟದ ಒಂದು ಸಾಲು: ಕಾಳವ್ವ ಏನನ್ನೂ ಕದ್ದಿಲ್ಲ. ಅದನ್ನು ಸಂಘದ ಸಭೆಯಲ್ಲಿ ವಿಜಯಲಕ್ಷ್ಮೀಯ ಬಾಯಿಂದಲೇ ಓದಿಸಿದಳು. ಹಿಂದೆ ಕೂತವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಓದಿಸಿದಳು.

ವಿಜಯಲಕ್ಷ್ಮೀ ತಲೆ ತಗ್ಗಿಸಿ ಕೀಲಿ ಚಾಚಿದಳು.

"ಮದಲ ಪಾತ್ರಿ ಎಣಿಸು," ಎಂದಳು ಕಾಳವ್ವ.

ಎಣಿಸಿದರು. ಎರಡು ಸೌಟು ಕಡಿಮೆ. ವಿಜಯಲಕ್ಷ್ಮೀ ತಾನೇ ಮತ್ತೊಮ್ಮೆ ಎಣಿಸಿದಳು. ಹಿಂದೆ ಯಾರೋ ಆಗಲೇ ಪಿಸುಗುಡತೊಡಗಿದರು.

"ಬಾಯಿ ಮುಚ್ರಿ!" ಎಂದು ಕಾಳವ್ವ ಗುಡುಗಿದಳು. ಹೊರಗಿದ್ದ ಶಿವಯೋಗೆಪ್ಪನೂ ಬಾಯಿ ಮುಚ್ಚಿದ. ಆಮೇಲೆ ಅವಳು ವಿಜಯಲಕ್ಷ್ಮೀಯ ಕಡೆ ತಿರುಗಿ, "ಯಾರರ ಲಗ್ನದಾಗ ಉಳದಾವು, ನಾಳಿ ಕೇಳೂಣು. ಹೊತ್ತಾತು, ನೀ ಮನಿಗಿ ನಡಿ ತಂಗಿ" ಎಂದಳು.